ಬಂಗಾರದ ಮುಲಾಮು

ಮುಂಬೈಯ ಜವೇರಿ ಬಜಾರಿನ ಓಣಿಯೊಂದರಲ್ಲಿ ಅವ್ವನ ಹಳೆಯ ಹಿತ್ತಾಳೆ ಜುಮಕಿಗೆ ಬಣ್ಣ ಹಾಕಿಸಲು ಹೋಗಿದ್ದೆವು. ‘ಸೋನ್ಯಾಚಾ ಮುಲಾಮಾ’ ಎಂದರು ಅಂಗಡಿಯವರು, ಮರಾಠಿಯಲ್ಲಿ ಚಿನ್ನದ ಲೇಪನ ಎಂದರ್ಥ. ಧಾರವಾಡದಿಂದ ಬಂದಿದ್ದ ಅವ್ವ, “ಮುಲಾಮು ಹಚ್ಚಾಕ ಇದಕ್ಕೇನು ಗಾಯ ಆಗೇತಿ?” ಎಂದಳು.

ಕನ್ನಡದಲ್ಲಿ ಲೋಹದ ಲೇಪನ, ಗಾಯಕ್ಕೆ ಹಚ್ಚುವ ಔಷಧಿ ಎರಡಕ್ಕೂ ಮುಲಾಮು ಎಂದೇ ಹೇಳುತ್ತೇವೆ. ಆದರೆ ಇವು ಬೇರೆ ಬೇರೆ ಮನೆಯ ಪದಗಳು. ಲೇಪನದ ಮುಲಾಮು ಅರಬ್ಬಿಯ ‘ಮುಲಮ್ಮಅ’ದಿಂದ ಬಂದದ್ದು. ‘ಹೊಳೆಯುವಂತೆ ಮಾಡಿದ್ದು’ ಎಂದರ್ಥ. ಒಂದೇ ಪದ್ಯದಲ್ಲಿ ಪಾರಸಿ, ಅರಬ್ಬಿ ಎರಡನ್ನೂ ಬೆರೆಸುವ ಕಾವ್ಯಕ್ಕೂ ಇದೇ ಹೆಸರು. ಗಾಯದ ಮುಲಾಮಿನ ಮೂಲ ಅರಬ್ಬಿಯ ‘ಮರ್ಹಮ್’. ಅದರ ಹಿಂದಿರುವುದು, ಮೆತ್ತಗಾಗಿಸುವ ಲೇಪ ಎಂಬರ್ಥದ ಗ್ರೀಕ್ ಪದ ‘ಮಾಲಗ್ಮ’.

ನನಗೆ ರೋಮಾಂಚನವಾಗುವುದು ಇಲ್ಲಿಯೇ. ಪಾದರಸದಲ್ಲಿ ಲೋಹ ಬೆರೆಸಿದ ಮಿಶ್ರಣಕ್ಕೆ ಅಮಾಲ್ಗಮ್ ಎನ್ನುತ್ತಾರಲ್ಲ, ಅದೂ ಬಹುಶಃ ಇದೇ ‘ಮಾಲಗ್ಮ’ದ ಕೂಸು. ವಿದ್ಯುತ್ ಬರುವ ಮೊದಲು ಲೋಹದ ಮೇಲೆ ಚಿನ್ನದ ಲೇಪ ಕೂರುತ್ತಿದ್ದದ್ದು ಹೆಚ್ಚಾಗಿ ಅದರಿಂದಲೇ. ಪಾದರಸದಲ್ಲಿ ಚಿನ್ನ ಕರಗಿ ಬೆಣ್ಣೆಯಂತಾಗುತ್ತದೆ. ಆ ಬೆಣ್ಣೆಯನ್ನು ಬೆಳ್ಳಿ, ತಾಮ್ರದ ಮೇಲೆ ಸವರಿ ಕಾಯಿಸಿದರೆ ಪಾದರಸ ಆವಿಯಾಗಿ ಚಿನ್ನವಷ್ಟೇ ಉಳಿಯುತ್ತದೆ. ಅಂದರೆ ಆಭರಣಕ್ಕೆ ನಿಜವಾಗಿಯೂ ಮುಲಾಮು ಹಚ್ಚುತ್ತಿದ್ದರು! ಆ ಆವಿ ಕುಡಿದು ನರಳಿದ ಕುಶಲಕರ್ಮಿಗಳ ಕತೆ ಮಾತ್ರ ಘೋರ.

ನಮ್ಮ ಇನ್ನೊಂದು ಪದ ಗಿಲೀಟು, ಇಂಗ್ಲಿಷಿನ ಗಿಲ್ಟ್. ಗಿಲ್ಟ್‌ನ ಬಂಧುವಾದ ಗೋಲ್ಡ್ ಮತ್ತು ಸಂಸ್ಕೃತದ ಹಿರಣ್ಯ, ಎರಡೂ ಹಳದಿ ಹೊಳಪನ್ನು ಸೂಚಿಸುವ ಒಂದೇ ಪ್ರಾಚೀನ ಧಾತುವಿನಿಂದ ಹುಟ್ಟಿದವು.

1805ರಲ್ಲಿ ಇಟಲಿಯ ಲುಯಿಜಿ ಬ್ರುನ್ಯಾಟೆಲ್ಲಿ ವೋಲ್ಟಾನ ಬ್ಯಾಟರಿಯಿಂದ ಚಿನ್ನ ಲೇಪಿಸಿ ತೋರಿಸಿದ. 1840ರ ಹೊತ್ತಿಗೆ ಇಂಗ್ಲೆಂಡಿನ ಎಲ್ಕಿಂಗ್ಟನ್ ಬಂಧುಗಳು ಸಯನೈಡ್ ದ್ರಾವಣದಿಂದ ಅದನ್ನು ವ್ಯಾಪಾರವಾಗಿಸಿದರು. ಜವೇರಿ ಬಜಾರಿನ ಆ ಪುಟ್ಟ ಕೋಣೆಯಲ್ಲಿ ನಡೆಯುವುದೂ ಅದೇ.

ಹುಡುಗ ಜುಮಕಿಯನ್ನು ಉಜ್ಜಿ ತೊಳೆದು, ಮೊದಲು ನಿಕ್ಕಲ್ ದ್ರಾವಣದಲ್ಲಿ ಅದ್ದಿದ. ಅದಿಲ್ಲದಿದ್ದರೆ ಹಿತ್ತಾಳೆಯ ತಾಮ್ರ ನಿಧಾನವಾಗಿ ಚಿನ್ನದೊಳಗೆ ನುಸುಳಿ, ಮೇಲೆ ಬಂದು ಕಪ್ಪಾಗುತ್ತದೆ. ಆಮೇಲೆ ತಾಮ್ರದ ತಂತಿಯಲ್ಲಿ ಕಟ್ಟಿ, ಬಿಸಿಯಾದ ಚಿನ್ನದ ದ್ರಾವಣಕ್ಕೆ ಇಳಿಬಿಟ್ಟ. ತಂತಿ ಋಣ ತುದಿಗೆ ಸೇರಿತ್ತು. ಅಲ್ಲಿಂದ ಎಲೆಕ್ಟ್ರಾನ್ ಪಡೆದ ಚಿನ್ನ ಜುಮಕಿಯ ಮೈಮೇಲೆ ಪರಮಾಣುವಿನ ಪಕ್ಕ ಪರಮಾಣುವಾಗಿ ಕೂತಿತು. ಅರ್ಧ ನಿಮಿಷ ಸಾಕಾಯಿತು. ಇಂಥ ಪದರ ಒಂದು ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ದಪ್ಪವೂ ಇರುವುದಿಲ್ಲ.

ತೊಳೆದು, ಮರದ ಹೊಟ್ಟಿನಲ್ಲಿ ಹೊರಳಿಸಿ ಒಣಗಿಸಿ ಕೊಟ್ಟರು. ಅವ್ವ ಬಾಗಿಲ ಬೆಳಕಿಗೆ ಹಿಡಿದು ತಿರುಗಿಸಿ ನೋಡಿದಳು. “ಮುಲಾಮು ಛಲೋ ಹತ್ತೇತಿ,” ಎಂದಳು.