ದುಭಾಷಿ ಕೊಟ್ಟ ಮಾತ್ರಕ್ಕೆ ಫ್ರೆಂಚ್ ಹಕ್ಕು ಕೊಟ್ಟಂತಲ್ಲ

ಇಂಗ್ಲಿಷ್, ಫ್ರೆಂಚ್ ಎರಡೂ ಅಧಿಕೃತ ಭಾಷೆಗಳಾದ ಕೆನಡಾದ ಕೋರ್ಟುಗಳ ವಿಷಯ ಬಂದಾಗಲೆಲ್ಲ, ಕಾನೂನು ಓದಿದವರೂ ಒಂದು ಮಾತು ಹೇಳುತ್ತಾರೆ: "ಆರೋಪಿಗೆ ಇಂಗ್ಲಿಷ್ ಬರುತ್ತದಲ್ಲ, ಫ್ರೆಂಚಿನಲ್ಲೇ ವಿಚಾರಣೆ ಯಾಕೆ? ಬೇಕಿದ್ದರೆ ದುಭಾಷಿ ಕೊಟ್ಟರಾಯಿತು." ಎರಡು ಬೇರೆ ಬೇರೆ ಹಕ್ಕುಗಳನ್ನು ಇಲ್ಲಿ ಕಲಸಿಬಿಡುತ್ತಾರೆ. ಎಷ್ಟು ಸಲ ತಿದ್ದಿದರೂ ಮತ್ತೆ ಅದೇ ಮಾತು.

ದುಭಾಷಿಯ ಹಕ್ಕು ಬರುವುದು 1982ರ ಹಕ್ಕುಗಳ ಸನ್ನದಿನ 14ನೇ ಸೆಕ್ಷನ್ನಿನಿಂದ. ನಡೆಯುತ್ತಿರುವುದು ಅರ್ಥವಾಗದವರಿಗೆ, ಕಿವಿ ಕೇಳದವರಿಗೆ ಅದು. ಬ್ರಾಂಪ್ಟನ್ನಿನಲ್ಲಿ ಕನ್ನಡವಷ್ಟೇ ಬಲ್ಲ ಅಜ್ಜಿ ಸಾಕ್ಷಿ ಹೇಳಬೇಕಾದರೆ ಅವರಿಗೂ ಉಂಟು. ಅರ್ಥವಾಯಿತೆಂದರೆ ಆ ಹಕ್ಕಿನ ಕೆಲಸ ಮುಗಿಯಿತು.

ಫ್ರೆಂಚಿನ ಹಕ್ಕು ಕ್ರಿಮಿನಲ್ ಕೋಡಿನ 530ನೇ ಸೆಕ್ಷನ್ನಿನದು. ಅರ್ಥವಾಗುತ್ತದೋ ಇಲ್ಲವೋ ಎಂಬ ಪ್ರಶ್ನೆಯೇ ಅಲ್ಲಿಲ್ಲ. ಆರೋಪಿಯ ಭಾಷೆ ಯಾವುದು ಎಂಬುದಷ್ಟೇ. ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದಲ್ಲಿ ಬೊಲಾಕ್ ಎಂಬಾತ ಆರೋಪಿಯಾಗಿದ್ದ ಕೊಲೆ ಪ್ರಕರಣದಲ್ಲಿ, ಆತನಿಗೆ ಇಂಗ್ಲಿಷ್ ಸಾಕಷ್ಟು ಬರುತ್ತದೆಂದು ಕೆಳಗಿನ ಕೋರ್ಟು ಅರ್ಜಿ ತಿರಸ್ಕರಿಸಿತ್ತು. 1999ರಲ್ಲಿ ಸುಪ್ರೀಂ ಕೋರ್ಟು ಶಿಕ್ಷೆಯನ್ನು ರದ್ದುಮಾಡಿ, ಎರಡೂ ಭಾಷೆ ಬಲ್ಲ ನ್ಯಾಯಾಧೀಶರು ಮತ್ತು ಜ್ಯೂರಿಯ ಮುಂದೆ ಹೊಸ ವಿಚಾರಣೆಗೆ ಆದೇಶಿಸಿತು. ಆರೋಪಿಯ ಇಂಗ್ಲಿಷ್ ಎಷ್ಟು ಚೆನ್ನಾಗಿದೆ ಎಂಬುದು ಅಪ್ರಸ್ತುತ. ಕೋರ್ಟಿನ ಆಡಳಿತಕ್ಕೆ ತೊಂದರೆ ಎಂಬ ನೆಪವೂ ನಡೆಯದು.

ನೇರವಾಗಿ ಕೇಳುವುದಕ್ಕೂ ದುಭಾಷಿಯ ಮೂಲಕ ಕೇಳುವುದಕ್ಕೂ ಏನು ವ್ಯತ್ಯಾಸ? ಆರೋಪಿ ಕಟಕಟೆಯಲ್ಲಿ 'ಝ ಲೇ ಪೂಸೇ' ಎನ್ನುತ್ತಾನೆ. ತಳ್ಳಿದೆ ಎಂದರ್ಥ. ತಳ್ಳಿದ್ದು ಅವನನ್ನೋ ಅವಳನ್ನೋ ಎಂಬುದು ಕಿವಿಗೆ ಬಿದ್ದ ಮಾತಿನಲ್ಲಿಲ್ಲ. ಇಂಗ್ಲಿಷಿಗೆ ತರುವ ದುಭಾಷಿ ಯಾವುದೋ ಒಂದನ್ನು ಆರಿಸಲೇಬೇಕು, ಜ್ಯೂರಿಯ ಮನಸ್ಸಿನಲ್ಲಿ ಉಳಿಯುವುದು ಆ ಆಯ್ಕೆ. ಮನುಷ್ಯನ ಸ್ವಾತಂತ್ರ್ಯ ಅಂಥದ್ದರ ಮೇಲೆ ತೂಗಬಾರದು.

ಆದ್ದರಿಂದ 530.1ನೇ ಸೆಕ್ಷನ್ನು ಭಾಷೆ ಬಲ್ಲ ನ್ಯಾಯಾಧೀಶರಿಗೆ ನಿಲ್ಲುವುದಿಲ್ಲ. ಸರ್ಕಾರಿ ವಕೀಲರಿಗೂ ಫ್ರೆಂಚ್ ಬರಬೇಕು. ಮೂಲದಲ್ಲಿ ಆಡಿದ ಮಾತು, ಅದರ ಅನುವಾದ ಎರಡೂ ದಾಖಲಾಗಬೇಕು. ತೀರ್ಪು ಆರೋಪಿಯ ಭಾಷೆಯಲ್ಲಿ ಸಿಗಬೇಕು. ಪೊಲೀಸರ ಕಡತ ಮಾತ್ರ ಸಾಮಾನ್ಯವಾಗಿ ಇದ್ದ ಭಾಷೆಯಲ್ಲೇ ಬರುತ್ತದೆ. ಅರ್ಜಿ ಹಾಕಿದರೆ ಅನುವಾದವಾಗುವುದು ದೋಷಾರೋಪ ಪತ್ರ. ಇದನ್ನು ಮೊದಲೇ ಹೇಳದಿದ್ದರೆ ಕಕ್ಷಿದಾರರು ಪಾಪ, ಆಮೇಲೆ ಕಂಗಾಲಾಗುತ್ತಾರೆ.

ಎಡವುವುದು ಸಮಯದಲ್ಲಿ. ವಿಚಾರಣೆಯ ದಿನಾಂಕ ಗೊತ್ತಾಗುವ ಹಾಜರಿಯೊಳಗೆ ಅರ್ಜಿ ಬಿದ್ದರೆ ಹಕ್ಕು ಪೂರ್ಣ. ತಡವಾದರೆ ನ್ಯಾಯದ ಹಿತಕ್ಕೆ ಅಗತ್ಯವೇ ಎಂದು ಕೋರ್ಟು ನೋಡುತ್ತದೆ. ಈ ಹಕ್ಕಿದೆ ಎಂಬುದು ಆರೋಪಿಗೆ ಮೊದಲ ಹಾಜರಿಯಲ್ಲೇ ತಿಳಿಯುವಂತೆ ನೋಡಿಕೊಳ್ಳುವುದು ನ್ಯಾಯಾಧೀಶರ ಹೊಣೆ. ಅದನ್ನು ಬಿಟ್ಟದ್ದಕ್ಕೇ 2024ರಲ್ಲಿ ಎರಡೂ ಭಾಷೆ ಬಲ್ಲ ಆರೋಪಿಯೊಬ್ಬನ ಶಿಕ್ಷೆಯನ್ನು ಸುಪ್ರೀಂ ಕೋರ್ಟು ರದ್ದುಪಡಿಸಿ, ಫ್ರೆಂಚಿನಲ್ಲಿ ಮರುವಿಚಾರಣೆಗೆ ಹೇಳಿತು.

ಇದೆಲ್ಲ ಕ್ರಿಮಿನಲ್ ಮೊಕದ್ದಮೆಯ ಮಾತು. ಸಿವಿಲ್ ದಾವೆಗಳಲ್ಲಿ ನಿಯಮ ಪ್ರಾಂತ್ಯದಿಂದ ಪ್ರಾಂತ್ಯಕ್ಕೆ ಬದಲಾಗುತ್ತದೆ, ಅಲ್ಲಿಯ ವಕೀಲರನ್ನೇ ಕೇಳಬೇಕು. ಇನ್ನು ಅಲ್ಲಿರುವ ಕನ್ನಡಿಗರು: ಇಂಗ್ಲಿಷ್, ಫ್ರೆಂಚ್ ಎರಡೂ ತಮ್ಮದಲ್ಲದ ಆರೋಪಿ, ಎರಡರಲ್ಲಿ ತಾನು ಚೆನ್ನಾಗಿ ಸಾಕ್ಷ್ಯ ನುಡಿಯಬಲ್ಲ ಭಾಷೆಯ ವಿಚಾರಣೆಗೆ ಅದೇ 530ರಡಿ ಅರ್ಜಿ ಹಾಕಬಹುದು, ಜೊತೆಗೆ 14ರಡಿ ಕನ್ನಡದ ದುಭಾಷಿಯನ್ನೂ ಕೇಳಬಹುದು.