ಆಕ್ಸಿಮೀಟರ್ ಅಮ್ಮನ ಬೆರಳಿಗೆ ಬಂದಿದ್ದು ಕೊನೆಗೆ

2021ರ ಮೇ ತಿಂಗಳು. ವಿಜಯನಗರದ ನಮ್ಮ ಮನೆಯಲ್ಲಿ ಐದು ಜನ, ಐವರಿಗೂ ಕೋವಿಡ್ ಪಾಸಿಟಿವ್, ರಕ್ತದ ಆಮ್ಲಜನಕ ಅಳೆಯುವ ಆಕ್ಸಿಮೀಟರ್ ಮಾತ್ರ ಒಂದೇ. ಮೊದಲು ತಾತನ ಬೆರಳಿಗೆ, ಆಮೇಲೆ ಅಪ್ಪ, ಅಣ್ಣ, ನಾನು. ಅಮ್ಮ ಜ್ವರದಲ್ಲೇ ಗಂಜಿ ಕಾಯಿಸುತ್ತಾ "ನಂಗೇನಾಗಿದೆ, ಸುಮ್ನಿರಿ" ಅನ್ನುತ್ತಿದ್ದರು. ಮೂರನೇ ದಿನ ಬಲವಂತ ಮಾಡಿ ಹಾಕಿದರೆ ಆಮ್ಲಜನಕ 91ಕ್ಕೆ ಇಳಿದಿತ್ತು!

ಗಂಡಸರಿಗೇ ಅಪಾಯ ಜಾಸ್ತಿ ಅಂತ ಆಗ ಎಲ್ಲರೂ ಹೇಳುತ್ತಿದ್ದರು. ಸುಳ್ಳೇನಲ್ಲ. ಬಹಳಷ್ಟು ದೇಶಗಳಲ್ಲಿ ಸತ್ತವರಲ್ಲಿ ಗಂಡಸರೇ ಹೆಚ್ಚು. ಬೀಡಿ, ಸಿಗರೇಟು ಒಂದು ಕಾರಣ, ಆದರೆ ಅಷ್ಟೇ ಅಲ್ಲ. ಜೀನ್‌ಗಳನ್ನು ಹೊತ್ತ ಎಕ್ಸ್ ಕ್ರೋಮೋಸೋಮ್ ಹೆಂಗಸರಿಗೆ ಎರಡು, ಗಂಡಸರಿಗೆ ಒಂದೇ. ವೈರಸ್ ಒಳಗೆ ಬಂತು ಅಂತ ಮೊದಲು ಗುರುತು ಹಿಡಿಯುವ ಟಿಎಲ್‌ಆರ್7 ಎಂಬ ಜೀನ್ ಇರುವುದು ಈ ಎಕ್ಸ್ ಮೇಲೆಯೇ. ಗಂಡಸರಲ್ಲಿ ಅದು ಕೆಟ್ಟರೆ ಸ್ಟೆಪ್ನಿ ಇಲ್ಲ. 2020ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಗಟ್ಟಿಮುಟ್ಟಾಗಿದ್ದ ನಾಲ್ವರು ಹುಡುಗರು ಐಸಿಯು ಸೇರಿದಾಗ ಸಿಕ್ಕಿದ್ದು ಇದೇ ದೋಷ.

ಇನ್ನೊಂದು ವಿಷಯ ನನಗೆ ಇನ್ನೂ ಸೋಜಿಗ. ವೈರಸ್ ಹೊಕ್ಕ ಜೀವಕೋಶ ಅಕ್ಕಪಕ್ಕದ ಕೋಶಗಳಿಗೆ ಇಂಟರ್‌ಫೆರಾನ್ ಎಂಬ ಪ್ರೋಟೀನ್ ಮೂಲಕ ಎಚ್ಚರಿಕೆ ಕೊಡುತ್ತದೆ. ಕೆಲವರ ರಕ್ತದಲ್ಲಿ ಆ ಎಚ್ಚರಿಕೆಯನ್ನೇ ಅಡಗಿಸುವ ಪ್ರತಿಕಾಯಗಳಿರುತ್ತವೆ. ಕೋವಿಡ್ ವಿಪರೀತಕ್ಕೆ ಹೋದ 987 ಜನರನ್ನು ಪರೀಕ್ಷಿಸಿದಾಗ 101 ಜನರಲ್ಲಿ ಅವು ಕಂಡವು, ಅದರಲ್ಲಿ 95 ಜನ ಗಂಡಸರು. ದೇಹ ತನ್ನ ಮೇಲೇ ತಿರುಗಿಬೀಳುವ ಲೂಪಸ್‌ನಂಥ ಕಾಯಿಲೆಗಳು ಹೆಂಗಸರಿಗೇ ಜಾಸ್ತಿ ಅಲ್ವಾ, ಇಲ್ಲಿ ಮಾತ್ರ ಉಲ್ಟಾ.

ಹಾಗಾದರೆ ಹೆಂಗಸರು ಬಚಾವಾ? 1918ರ ಇನ್‌ಫ್ಲುಯೆಂಜಾದಲ್ಲಿ ಭಾರತದಲ್ಲಿ ಗಂಡಸರಿಗಿಂತ ಹೆಂಗಸರೇ ಹೆಚ್ಚು ಸತ್ತರು. ಎರಡು ಎಕ್ಸ್ ಆಗಲೂ ಇದ್ದವು. ಆದರೆ ಮನೆಯಲ್ಲಿ ಮಲಗಿದವರ ಪಕ್ಕ ಕೂತು ಆರೈಕೆ ಮಾಡುತ್ತಿದ್ದವರು ಯಾರು, ಉಳಿದಿದ್ದನ್ನು ಉಣ್ಣುತ್ತಿದ್ದವರು ಯಾರು?

ನೂರು ವರ್ಷದ ಮೇಲೂ ಅದು ಪೂರ್ತಿ ಬದಲಾಗಿರಲಿಲ್ಲ. 2021ರ ಮೇನಲ್ಲಿ 18ರಿಂದ 44ರ ವಯಸ್ಸಿನವರು ಲಸಿಕೆಗೆ ಕೋವಿನ್ ಪೋರ್ಟಲ್‌ನಲ್ಲಿ ಸ್ಲಾಟ್ ಹಿಡಿಯಬೇಕಿತ್ತು, ಅದಕ್ಕೆ ಫೋನು ಬೇಕು, ಓಟಿಪಿ ಬೇಕು. ನಮ್ಮಲ್ಲಿ ಮನೆಕೆಲಸಕ್ಕೆ ಬರುತ್ತಿದ್ದ ಅಕ್ಕನ ಮನೆಯ ಒಂದೇ ಫೋನು ತರಕಾರಿ ಗಾಡಿ ತಳ್ಳುವ ಗಂಡನ ಜೇಬಿನಲ್ಲಿರುತ್ತಿತ್ತು. ದೇಶದ ಲೆಕ್ಕದಲ್ಲೂ ಆಗ ಲಸಿಕೆ ಪಡೆದ ಹೆಂಗಸರು ಗಂಡಸರಿಗಿಂತ ಕಡಿಮೆ. ಲಸಿಕೆ ಹಾಕಿಸಿಕೊಂಡರೆ ಮುಟ್ಟು ಏರುಪೇರಾಗುತ್ತೆ ಅಂತ ಅವರಿಗೆ ಭಯ ಬೇರೆ. ಆಮೇಲಿನ ಅಧ್ಯಯನಗಳಲ್ಲಿ ಕಂಡಿದ್ದು ಸರಾಸರಿ ಒಂದು ದಿನದ ಆಸುಪಾಸಿನ ವ್ಯತ್ಯಾಸ, ಅದೂ ಬೇಗ ಸರಿಹೋಗುವಂಥದ್ದು. ಲಸಿಕೆಯ ಮೊದಲ ಪ್ರಯೋಗಗಳಲ್ಲೇ ಮುಟ್ಟಿನ ಬಗ್ಗೆ ಕೇಳಿದ್ದರೆ ಆ ಉತ್ತರ ಕೈಯಲ್ಲೇ ಇರುತ್ತಿತ್ತು.

ಇನ್ನು ಮನೆಮನೆ ಸುತ್ತಿದ ಆಶಾ ಕಾರ್ಯಕರ್ತೆಯರು. ಎಲ್ಲರೂ ಹೆಂಗಸರೇ. ಗೌರವಧನ ತಿಂಗಳಿಗೆ 12,000 ರೂಪಾಯಿ ಮಾಡಿ, ಸರಿಯಾದ ರಕ್ಷಣಾ ಸಾಮಗ್ರಿ ಕೊಡಿ ಅಂತ ಅವರು 2020ರ ಜುಲೈನಲ್ಲಿ ರಾಜ್ಯದಲ್ಲಿ ಮುಷ್ಕರವನ್ನೇ ಹೂಡಬೇಕಾಯಿತು.

ಅಮ್ಮ ಉಳಿದರು. ಆದರೆ ಆರು ತಿಂಗಳಾದರೂ ಮೆಟ್ಟಿಲು ಹತ್ತಿದರೆ ಏದುಸಿರು, ಸುಸ್ತು. ಹೀಗೆ ತಿಂಗಳುಗಟ್ಟಲೆ ಕಾಡುವ ಲಾಂಗ್ ಕೋವಿಡ್ ಹೆಂಗಸರಲ್ಲೇ ಹೆಚ್ಚು ಅನ್ನುವುದು ಆಗಲೇ ಹಲವು ದೇಶಗಳಿಂದ ವರದಿಯಾಗಿತ್ತು. ನಾವು ತೋರಿಸಿದ ಡಾಕ್ಟರು ಮಾತ್ರ ರಕ್ತಪರೀಕ್ಷೆಯ ಚೀಟಿ ನೋಡಿ, "ಈ ವಯಸ್ಸಿಗೆ ಇದೆಲ್ಲ ಇದ್ದದ್ದೇ ಅಮ್ಮ, ಟೆನ್ಶನ್ ಕಮ್ಮಿ ಮಾಡ್ಕೊಳ್ಳಿ" ಅಂತ ಕಬ್ಬಿಣದ ಮಾತ್ರೆ ಬರೆದುಕೊಟ್ಟರು.