ಸೈಟ್ ಕೆಡಿಸಿಕೊಂಡು ಬಂದ ಹಳೆಯ ಪಿಸ್ತೂಲು

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯಿಂದ ಶಿವಮೊಗ್ಗದ ನಮ್ಮ ಅಂಗಡಿಗೆ ರಿಪೇರಿಗೆ ಬರುವವುಗಳಲ್ಲಿ ಹೆಚ್ಚಿನವು ಬೆಳೆ ರಕ್ಷಣೆಯ ಪರವಾನಗಿಯ ಜೋಡು ನಳಿಗೆಯ ಕೋವಿಗಳು. ಪಿಸ್ತೂಲು ಬರುವುದು ಅಪರೂಪ. ಬಂದರೆ ಅದು ಪಶ್ಚಿಮ ಬಂಗಾಳದ ಇಶಾಪುರದ ಸರ್ಕಾರಿ ಕಾರ್ಖಾನೆಯ .32 ಕ್ಯಾಲಿಬರಿನ, ಅಂದರೆ ಆ ನಳಿಗೆಯ ಅಳತೆಯ, ಪಿಸ್ತೂಲು ಆಗಿರುತ್ತದೆ, ಇಲ್ಲವೇ ಯಾವುದೋ ತೋಟದ ಮನೆಯಲ್ಲಿ ತಲೆಮಾರಿನಿಂದ ಇದ್ದ ವಿದೇಶಿ ಮಾಲು. 1980ರ ದಶಕದ ನಡುವಿನಿಂದ ಖಾಸಗಿಯವರಿಗೆ ವಿದೇಶಿ ಬಂದೂಕುಗಳ ಆಮದು ಬಹುಮಟ್ಟಿಗೆ ನಿಂತುಹೋದ ಮೇಲೆ ಈ ಎರಡನೆಯ ಬಗೆಯ ಪಿಸ್ತೂಲುಗಳು ಕೈಯಿಂದ ಕೈಗೆ ದಾಟುತ್ತಲೇ ಬಂದಿವೆ. ದಾಟಿದ ಪ್ರತಿ ಕೈಯೂ ಅದರ ಮೇಲೆ ಏನಾದರೊಂದು ಗುರುತು ಬಿಟ್ಟೇ ಹೋಗಿರುತ್ತದೆ. ಅಂಥ ಗುರುತುಗಳಲ್ಲಿ ನಾನು ಅತಿ ಹೆಚ್ಚು ಕಾಣುವುದು ಸೈಟನ್ನು, ಅಂದರೆ ಗುರಿ ನೋಡುವ ಮುಂದಿನ ಮತ್ತು ಹಿಂದಿನ ತುಣುಕುಗಳನ್ನು, ಯಾರಿಂದಲೋ ತಿದ್ದಿಸಿ ಕೆಡಿಸಿಕೊಂಡದ್ದು.

ಇತ್ತೀಚೆಗೆ ಸಾಗರದ ಕಡೆಯ ಅಡಿಕೆ ಬೆಳೆಗಾರರೊಬ್ಬರು ತಂದ ಕೋಲ್ಟ್ 1903 ಪಿಸ್ತೂಲನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳುತ್ತೇನೆ. ಅಮೆರಿಕದ ಜಾನ್ ಬ್ರೌನಿಂಗ್ ವಿನ್ಯಾಸ ಮಾಡಿದ ಈ ಪಿಸ್ತೂಲಿನ ಮುಂದಿನ ಸೈಟ್ ಅರ್ಧಚಂದ್ರಾಕಾರದ ಪುಟ್ಟ ಉಕ್ಕಿನ ತುಣುಕು. ಅದನ್ನು ಸ್ಲೈಡಿನ, ಅಂದರೆ ಗುಂಡು ಹಾರಿದಾಗ ಹಿಂದೆ ಮುಂದೆ ಸರಿಯುವ ಮೇಲಿನ ಉಕ್ಕಿನ ಭಾಗದ, ಮೇಲೆ ಕೊರೆದ ಸಣ್ಣ ಗಾಡಿಯಲ್ಲಿ (ಸೀಳಿನಲ್ಲಿ) ಕೂರಿಸಿ ಭದ್ರಪಡಿಸಿರುತ್ತಾರೆ. ಹಿಂದಿನ ಸೈಟ್ ಡವ್‌ಟೇಲ್ ಗಾಡಿಯಲ್ಲಿ, ಅಂದರೆ ಬಾಯಿ ಕಿರಿದಾಗಿ ತಳ ಅಗಲವಾಗಿರುವ ಅಡ್ಡಗಾಡಿಯಲ್ಲಿ, ಪಕ್ಕದಿಂದ ಬಿಗಿಯಾಗಿ ಹೊಕ್ಕು ನಿಂತಿರುತ್ತದೆ. ಎರಡೂ ಬಹಳ ಚಿಕ್ಕವು. ಕಿಸೆಯಲ್ಲಿ ಇಟ್ಟುಕೊಂಡು ಓಡಾಡುವವರಿಗಾಗಿ ಮಾಡಿದ ಪಿಸ್ತೂಲಾದ್ದರಿಂದ ಬಟ್ಟೆಗೆ ಸಿಕ್ಕಿಕೊಳ್ಳಬಾರದೆಂಬುದೇ ಅದನ್ನು ಮಾಡಿದವರ ಮೊದಲ ಕಾಳಜಿಯಾಗಿತ್ತು.

ಮಾಲೀಕರು ಹೇಳಿದ್ದು ಇಷ್ಟು: "ಕೆಳಗೆ ಹೊಡೀತಿತ್ತು ಮಾರಾಯ್ರೆ, ಅದಕ್ಕೇ ಸ್ವಲ್ಪ ಉಜ್ಜಿಸಿದ್ದು." ಆಮೇಲೆ ಅದು ಮೇಲೆ ಹೊಡೆಯತೊಡಗಿತಂತೆ. ಆಗ ಮುಂದಿನ ಸೈಟನ್ನು ಪೂರ್ತಿ ಕಿತ್ತು, ಹಿತ್ತಾಳೆಯ ತಗಡಿನ ತುಂಡೊಂದನ್ನು ಬೆಸುಗೆ ಹಾಕಿಸಿ, ಅದರ ತುದಿಗೆ ಕತ್ತಲಲ್ಲಿ ಹೊಳೆಯಲೆಂದು ರೇಡಿಯಂ ಬಣ್ಣದ ಚುಕ್ಕೆ ಇಡಿಸಿದ್ದಾರೆ. ಅದಕ್ಕೆ ಹೊಂದುವಂತೆ ಹಿಂದಿನ ಸೈಟನ್ನೂ ಬದಲಿಸಹೋಗಿ, ಉಕ್ಕಿನ ಪಂಚ್ ಇಟ್ಟು ಸುತ್ತಿಗೆಯಿಂದ ಬಡಿದಿದ್ದಾರೆ. ಹೊರಬಾರದಾದಾಗ ಹ್ಯಾಕ್ಸಾ ಬ್ಲೇಡಿನಿಂದ ಕೊಯ್ದು ತೆಗೆದಿದ್ದಾರೆ. ಕೊಯ್ದ ಗಾಡಿಯಲ್ಲಿ ಹೊಸ ತುಣುಕು ಸಡಿಲವಾದ್ದರಿಂದ ಅರಾಲ್ಡೈಟ್ ತುಂಬಿದ್ದಾರೆ. ಸ್ಲೈಡಿನ ಎರಡೂ ಪಕ್ಕಗಳಲ್ಲಿ ಬೆಂಚ್ ವೈಸಿನ ಹಲ್ಲುಗಳ ಸಾಲು ಸ್ಪಷ್ಟವಾಗಿ ಮೂಡಿತ್ತು.

ಇದನ್ನು ಮಾಡಿದ್ದು ಒಂದು ಲೇತ್ ಅಂಗಡಿ. ಅಲ್ಲಿಯವರು ಟಿಲ್ಲರಿನ ಬಿಡಿಭಾಗವನ್ನು ಚೆನ್ನಾಗಿಯೇ ಮಾಡಿಕೊಡುವವರಿರಬಹುದು. ಆದರೆ 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮಿನ ಪ್ರಕಾರ ಬಂದೂಕಿನ ತಯಾರಿ, ಮಾರಾಟಗಳಂತೆ ರಿಪೇರಿಗೂ ಪ್ರತ್ಯೇಕ ಪರವಾನಗಿ ಬೇಕು. ಇಟ್ಟುಕೊಳ್ಳುವವರ ಪರವಾನಗಿ ಅದಕ್ಕೆ ಸಾಲದು. ಪರವಾನಗಿ ಇಲ್ಲದ ಅಂಗಡಿಯಲ್ಲಿ ಪಿಸ್ತೂಲನ್ನು ಬಿಟ್ಟುಬರುವ ಮಾಲೀಕರು ಲೋಹವನ್ನಷ್ಟೇ ಅಲ್ಲ, ತಮ್ಮ ಪರವಾನಗಿಯನ್ನೂ ಅಪಾಯಕ್ಕೆ ಒಡ್ಡುತ್ತಾರೆ.

ಕೆಳಗೆ ಹೊಡೆಯುತ್ತಿತ್ತು ಎಂಬ ಮೊದಲ ಮಾತಿಗೇ ಮರಳುತ್ತೇನೆ, ಏಕೆಂದರೆ ಉಳಿದ ಅನಾಹುತವೆಲ್ಲ ಅಲ್ಲಿಂದಲೇ ಹುಟ್ಟಿದ್ದು. ಹಿಂದಿನ ಸೈಟನ್ನು ಯಾವ ಕಡೆಗೆ ಸರಿಸುತ್ತೇವೋ ಗುಂಡು ಬೀಳುವ ಜಾಗವೂ ಆ ಕಡೆಗೇ ಸರಿಯುತ್ತದೆ. ಮುಂದಿನ ಸೈಟಿನದು ಇದಕ್ಕೆ ತದ್ವಿರುದ್ಧ. ಆದ್ದರಿಂದ ಮುಂದಿನ ಸೈಟನ್ನು ತಗ್ಗಿಸಿದರೆ ಗುಂಡು ಮೇಲಕ್ಕೆ ಹೋಗುತ್ತದೆಂಬ ಅವರ ಲೆಕ್ಕ ಸರಿಯೇ. ಎಷ್ಟು ತಗ್ಗಿಸಬೇಕೆಂಬುದನ್ನು ಯಾರೂ ಲೆಕ್ಕ ಹಾಕಲಿಲ್ಲ. ಎರಡು ಸೈಟುಗಳ ನಡುವಿನ ಅಂತರ 140 ಮಿ.ಮೀ. ಎಂದು ಇಟ್ಟುಕೊಂಡರೆ, 15 ಮೀಟರ್ ದೂರದ ಗುರಿಹಲಗೆಯ ಮೇಲೆ ಮುಂದಿನ ಸೈಟಿನ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗವೂ ಗುಂಡನ್ನು ಒಂದು ಸೆಂಟಿಮೀಟರಿಗಿಂತ ತುಸು ಹೆಚ್ಚೇ ಸರಿಸುತ್ತದೆ. ಅರ್ಧ ಮಿಲಿಮೀಟರ್ ಉಜ್ಜಿದರೆ ಐದು ಸೆಂಟಿಮೀಟರ್ ದಾಟಿತು. ಒರಟು ಅರವನ್ನು ನಾಲ್ಕಾರು ಸಲ ಎಳೆದರೆ ಅರ್ಧ ಮಿಲಿಮೀಟರ್ ಹೋದದ್ದೇ ಗೊತ್ತಾಗುವುದಿಲ್ಲ.

ಇದಕ್ಕೂ ಮುಂಚೆ ಕೇಳಬೇಕಾದ ಪ್ರಶ್ನೆಯೊಂದಿದೆ: ಕೆಳಗೆ ಹೊಡೆಯುತ್ತಿದ್ದುದು ಪಿಸ್ತೂಲೋ, ಹಿಡಿದ ಕೈಯೋ? ಬಲಗೈಯವರ ಗುಂಡುಗಳು ಕೆಳಗೆ ಮತ್ತು ಎಡಕ್ಕೆ ಬೀಳುತ್ತಿದ್ದರೆ, ಹತ್ತರಲ್ಲಿ ಒಂಬತ್ತು ಪಾಲು ಅದು ಟ್ರಿಗರನ್ನು ಒತ್ತುವ ಬದಲು ಜಗ್ಗಿದ್ದರ ಫಲ. ಸದ್ದಿಗೆ ಮುಂಚೆಯೇ ಮುಷ್ಟಿ ಬಿಗಿಯಾಗಿ ನಳಿಗೆ ತಲೆ ತಗ್ಗಿಸುತ್ತದೆ. ಇನ್ನೊಂದು ಕಾರಣ ಕಣ್ಣು. ಐವತ್ತು ದಾಟಿದವರಿಗೆ ಚಾಚಿದ ಕೈಯಷ್ಟು ದೂರದಲ್ಲಿರುವ ಮುಂದಿನ ಸೈಟ್ ಮಸುಕಾಗಿ ಕಾಣುತ್ತದೆ. ಓದುವ ಕನ್ನಡಕದ ದೂರ ಬೇರೆ, ಈ ದೂರ ಬೇರೆ. ದಪ್ಪ ಸೈಟ್, ಹೊಳೆಯುವ ಚುಕ್ಕೆ, ಬಿಳಿ ಬಣ್ಣ ಎಂದು ಕೇಳಿಕೊಂಡು ಬರುವವರಲ್ಲಿ ಅನೇಕರಿಗೆ ನಾನು ಮೊದಲು ಹೇಳುವುದು ಕಣ್ಣಿನ ಡಾಕ್ಟರ ಬಳಿ ಹೋಗಿ, ಆ ದೂರವನ್ನು ಅಳೆದು ತಿಳಿಸಿ, ಅದಕ್ಕೆಂದೇ ಒಂದು ಕನ್ನಡಕ ಮಾಡಿಸಿಕೊಳ್ಳಿ ಎಂದು. ಇದರಿಂದ ನನ್ನ ವ್ಯಾಪಾರಕ್ಕೆ ನಷ್ಟ, ಪಿಸ್ತೂಲಿಗೆ ಲಾಭ.

ಕೆಲಸ ಶುರುವಾಗುವುದು ಪಿಸ್ತೂಲು ಖಾಲಿ ಇದೆಯೇ ಎಂದು ನೋಡುವುದರಿಂದ. ಮ್ಯಾಗಜೀನ್, ಅಂದರೆ ಹಿಡಿಯೊಳಗಿನ ತೋಟಾಗಳ ಡಬ್ಬಿ, ಹೊರತೆಗೆದರೆ ಖಾಲಿಯಾಯಿತೆಂದು ತಿಳಿಯುವವರು ಬಹಳ ಮಂದಿ. ನಳಿಗೆಯ ಹಿಂತುದಿಯಲ್ಲಿ ಒಂದು ತೋಟಾ ಉಳಿದಿದ್ದರೆ ಹಳೆಯ ಮಾದರಿಗಳಲ್ಲಿ ಮ್ಯಾಗಜೀನ್ ಇಲ್ಲದೆಯೂ ಅದು ಹಾರುತ್ತದೆ. ಸ್ಲೈಡನ್ನು ಹಿಂದಕ್ಕೆಳೆದು ಕಣ್ಣಿನಿಂದಲೂ ಕಿರುಬೆರಳಿನಿಂದಲೂ ನೋಡಿದ ಮೇಲೆಯೇ ಪರವಾನಗಿಯ ಪುಸ್ತಕದ ನಂಬರನ್ನು ಪಿಸ್ತೂಲಿನ ನಂಬರಿಗೆ ತಾಳೆಹಾಕಿ ರಿಜಿಸ್ಟರಿನಲ್ಲಿ ಬರೆದುಕೊಳ್ಳುವುದು.

ಈ ಪಿಸ್ತೂಲಿನಲ್ಲಿ ನನಗಿದ್ದ ದೊಡ್ಡ ಚಿಂತೆ ಹಿತ್ತಾಳೆಯ ತುಂಡಿನದಲ್ಲ, ಅದನ್ನು ಕೂರಿಸಲು ಕೊಟ್ಟ ಬೆಂಕಿಯದು. ಸೀಸ-ತವರದ ಮೆದು ಬೆಸುಗೆ ಕರಗುವುದಕ್ಕೆ 183 ಡಿಗ್ರಿ ಸಾಕು. ಅಷ್ಟಕ್ಕೆ ಸ್ಲೈಡಿನ ಉಕ್ಕಿಗೆ ಏನೂ ಆಗುವುದಿಲ್ಲ. ಬೆಳ್ಳಿ ಬೆಸುಗೆಗೆ 600 ಡಿಗ್ರಿಗೂ ಮೀರಿದ ಶಾಖ ಬೇಕು, ಹಿತ್ತಾಳೆ ಬೆಸುಗೆಗೆ 900ರ ಹತ್ತಿರ. ಅಲ್ಲಿಯವರೆಗೆ ಹೋದ ಉಕ್ಕು ತನ್ನ ಹದವನ್ನು ಕಳೆದುಕೊಂಡು ಮೆತ್ತಗಾಗುತ್ತದೆ. ಈ ಪಿಸ್ತೂಲಿನಲ್ಲಿ ಸ್ಲೈಡನ್ನು ಮುಂದಕ್ಕೆ ತಳ್ಳುವ ಸ್ಪ್ರಿಂಗಿನ ಒತ್ತಡ ಬೀಳುವುದು ಸ್ಲೈಡಿನ ಮುಂತುದಿಯ ಮೇಲೆಯೇ ಆದ್ದರಿಂದ ಅಲ್ಲಿ ಉಕ್ಕು ಸೋತರೆ ಸೈಟ್ ರಿಪೇರಿಯ ಮಾತನ್ನೇ ಬಿಡಬೇಕು. ಇದನ್ನು ತಿಳಿಯಲು ಬಣ್ಣ ನೋಡುತ್ತೇವೆ. ಹೊಳಪು ಕೊಟ್ಟ ಉಕ್ಕನ್ನು ಕಾಯಿಸುತ್ತಾ ಹೋದರೆ ಸುಮಾರು 220 ಡಿಗ್ರಿಗೆ ಒಣಹುಲ್ಲಿನ ತಿಳಿ ಹಳದಿ ಬರುತ್ತದೆ, 300ರ ಆಸುಪಾಸಿಗೆ ನೀಲಿ, ಅದನ್ನು ದಾಟಿದರೆ ಬೂದು. ಬೆಸುಗೆಯ ಸುತ್ತ ಹಳದಿಯ ಒಂದು ತೆಳು ಪಟ್ಟಿಯಷ್ಟೇ ಇತ್ತು. ಸ್ಲೈಡಿನ ಒಳಗೆ, ಕಾಣದ ಜಾಗದಲ್ಲಿ, ನಯವಾದ ಹೊಸ ಅರದ ಮೂಲೆಯನ್ನು ಹಗುರವಾಗಿ ತಾಗಿಸಿ ನೋಡಿದೆ: ಬೆಸುಗೆಯ ಹತ್ತಿರವೂ ದೂರದಲ್ಲೂ ಅರ ಒಂದೇ ತೆರನಾಗಿ ಕಚ್ಚಿತು. ಅಂಗಡಿಯವರು ಬಳಸಿದ್ದು ಮೆದು ಬೆಸುಗೆ. ಅವರು ಮಾಡಿದ ಕೆಲಸಗಳಲ್ಲಿ ಒಳ್ಳೆಯದಾದದ್ದು ಅದೊಂದೇ.

ಅರಾಲ್ಡೈಟ್ ಬಿಡಿಸುವುದು ಕಷ್ಟವಲ್ಲ. ಬಿಚ್ಚಿದ ಸ್ಲೈಡನ್ನು ಕುದಿಯುವ ನೀರಿನಲ್ಲಿಟ್ಟರೆ ಅಂಟು ಮೆತ್ತಗಾಗುತ್ತದೆ. ಉಳಿದದ್ದನ್ನು ಹಿತ್ತಾಳೆಯ ಚೂಪಿನಿಂದ ಕೆರೆದು ತೆಗೆಯಬಹುದು.

ಗಾಡಿ ಬಯಲಾದ ಮೇಲೆ ನಿಜವಾದ ನಷ್ಟ ಕಂಡಿತು. ಹ್ಯಾಕ್ಸಾ ಬ್ಲೇಡು ತಳದಲ್ಲಿ ಎರಡು ಗೆರೆ ಕೊರೆದಿತ್ತು, ಹಿಂದಿನ ಓರೆಗೋಡೆ ಬಲತುದಿಯಲ್ಲಿ ತಿಂದುಹೋಗಿತ್ತು. ಇಂಥಲ್ಲಿ ಮೂರು ದಾರಿಗಳಿವೆ. ತಳಕ್ಕೆ ಸೆಂಟರ್ ಪಂಚಿನಿಂದ ಚುಕ್ಕೆಗಳನ್ನು ಹೊಡೆದು ಲೋಹವನ್ನು ಉಬ್ಬಿಸಿ ಸೈಟನ್ನು ಬಿಗಿ ಮಾಡುವುದು ಅಗ್ಗದ ದಾರಿ. ನಾಲ್ಕು ಮ್ಯಾಗಜೀನ್ ಹೊಡೆಯುವಷ್ಟರಲ್ಲಿ ಚುಕ್ಕೆಗಳು ಒತ್ತಿಹೋಗಿ ಮತ್ತೆ ಅಲುಗಾಡುತ್ತದೆ. ಗಾಡಿಯನ್ನು ವೆಲ್ಡಿಂಗಿನಿಂದ ತುಂಬಿ ಹೊಸದಾಗಿ ಕೊರೆಯುವುದು ಇನ್ನೊಂದು, ಆದರೆ ಅದು ನಾವು ಹೆದರಿದ ಬೆಂಕಿಯನ್ನೇ ಮತ್ತೆ ಕರೆದಂತೆ. ಸ್ಲೈಡಿನಿಂದ ಲೋಹ ತೆಗೆಯುವುದನ್ನು ಅಲ್ಲಿಗೇ ನಿಲ್ಲಿಸಿ, ಗಾಡಿ ಈಗ ಎಷ್ಟು ಅಗಲವಿದೆಯೋ ಅಷ್ಟಕ್ಕೆ ಹೊಂದುವ ದೊಡ್ಡ ತಳದ ಹೊಸ ಸೈಟನ್ನು ಮಾಡುವುದು ಮೂರನೆಯದು, ಮತ್ತು ನನ್ನ ಮಟ್ಟಿಗೆ ಸರಿಯಾದದ್ದು. ಸೈಟ್ ಕೆಟ್ಟರೆ ಇನ್ನೊಂದು ಮಾಡಬಹುದು; ಈ ಕಾಲಕ್ಕೆ ಇನ್ನೊಂದು ಸ್ಲೈಡನ್ನು ಎಲ್ಲಿಂದ ತರುವುದು?

ತಳದ ಅಗಲವನ್ನು ವರ್ನಿಯರಿನಿಂದ ನೇರವಾಗಿ ಅಳೆಯಲು ಬರುವುದಿಲ್ಲ, ಬಾಯಿ ಕಿರಿದಾಗಿರುತ್ತದೆ. ಒಂದೇ ದಪ್ಪದ ಎರಡು ಡ್ರಿಲ್ ಬಿಟ್ಟುಗಳ ನುಣುಪಾದ ಕಾಂಡಗಳನ್ನು ಎರಡು ಮೂಲೆಗಳಲ್ಲಿ ಮಲಗಿಸಿ, ಅವುಗಳ ನಡುವಿನ ಅಂತರವನ್ನು ಅಳೆದು, ಗೋಡೆಯ ಕೋನ ಹಿಡಿದು ಲೆಕ್ಕ ಹಾಕಬೇಕು. ಎಡತುದಿ, ನಡು, ಬಲತುದಿಗಳಲ್ಲಿ ಬೇರೆಬೇರೆಯಾಗಿ ಅಳೆದಾಗ ಗಾಡಿ ಬಲಕ್ಕೆ ಹೋದಂತೆ ಅಗಲವಾಗಿರುವುದು ತಿಳಿಯಿತು. ಸೈಟ್ ಬಲದಿಂದ ಎಡಕ್ಕೆ ಹೊಗುವುದು ವಾಡಿಕೆಯಾದ್ದರಿಂದ ಇದು ಅನುಕೂಲಕ್ಕೇ ಬಂತು. ಉಕ್ಕಿನ ತುಂಡನ್ನು ಬೇಕಾದ್ದಕ್ಕಿಂತ ತುಸು ದಪ್ಪವಾಗಿಯೇ ಕತ್ತರಿಸಿ, ಆಮೇಲಿನ ಕೆಲಸವನ್ನೆಲ್ಲ ಕೈಯಿಂದ ಮಾಡಿದೆ. ಇದಕ್ಕೆ ಬೇಕಾದದ್ದು ಒಂದು ಮುಖದ ಹಲ್ಲುಗಳನ್ನು ಸಾಣೆ ಹಿಡಿದು ತೆಗೆದ ತ್ರಿಕೋನ ಅರ; ಓರೆಗೋಡೆಯನ್ನು ಉಜ್ಜುವಾಗ ಪಕ್ಕದ ಮುಖ ತಿನ್ನಬಾರದು. ತುಂಡಿಗೆ ನೀಲಿ ಲೇಪ ಸವರಿ, ಗಾಡಿಗೆ ತಳ್ಳಿ, ಹೊರತೆಗೆದು, ಎಲ್ಲಿ ಬಣ್ಣ ಅಳಿಸಿದೆಯೋ ಅಲ್ಲಿ ಮಾತ್ರ ಎರಡು ಎಳೆತ. ಮತ್ತೆ ಲೇಪ, ಮತ್ತೆ ತಳ್ಳುವುದು. ಬೆರಳಿನಿಂದ ಒತ್ತಿದಾಗ ಮೂರನೇ ಒಂದು ಭಾಗದಷ್ಟು ಹೊಕ್ಕು ಅಲ್ಲಿ ನಿಂತರೆ ಹದ ಬಂದಂತೆ. ಉಳಿದ ದೂರವನ್ನು ಹಿತ್ತಾಳೆಯ ಪಂಚ್ ಇಟ್ಟು ಸಣ್ಣ ಸುತ್ತಿಗೆಯ ಹಗುರ ಪೆಟ್ಟುಗಳಿಂದ ಸಾಗಿಸಬೇಕು. ಬೆರಳಿಗೇ ಪೂರ್ತಿ ಹೋದರೆ ಆ ತುಂಡನ್ನು ಪಕ್ಕಕ್ಕಿಟ್ಟು ಇನ್ನೊಂದನ್ನು ಕತ್ತರಿಸುವುದು.

ಮುಂದಿನ ಸೈಟನ್ನು ಉಕ್ಕಿನ ಪಟ್ಟಿಯಿಂದ ಮಾಡಿ, ಹಳೆಯ ಗಾಡಿಯಲ್ಲೇ ಕೂರಿಸಿ, ಸ್ಲೈಡಿನ ಒಳಗಿನಿಂದ ಅಂಚನ್ನು ಬಡಿದು ಹರಡಿಸಿ, ಮೆದು ಬೆಸುಗೆಯ ಆಸರೆ ಕೊಟ್ಟೆ. ಬೇಕಾದ್ದಕ್ಕಿಂತ ಎತ್ತರವಾಗಿಯೇ ಬಿಟ್ಟೆ. ಮರಳಿನ ಚೀಲದ ಮೇಲೆ ಕೈ ಊರಿ, ಪರವಾನಗಿ ಇರುವ ರೇಂಜಿನಲ್ಲಿ, ಮಾಲೀಕರು ಮುಂದೆ ಬಳಸಲಿರುವ ಬಗೆಯ ತೋಟಾಗಳನ್ನೇ ಹೊಡೆದು ನೋಡಿ, ಮೇಲಿನ ಲೆಕ್ಕದಂತೆ ಸ್ವಲ್ಪಸ್ವಲ್ಪವಾಗಿ ತಗ್ಗಿಸುತ್ತಾ ಬರುವುದು ನಿಧಾನದ ದಾರಿ. ಬೇರೆ ದಾರಿ ಇಲ್ಲ. ಎರಡು ಕೈಗಳು ಹೊಡೆದು ನೋಡಬೇಕೆಂಬುದು ನನ್ನ ನಿಯಮ. ಒಬ್ಬರದು ಎಡಕ್ಕೆ ಹೋಗಿ ಇನ್ನೊಬ್ಬರದು ನಡುವಿಗೆ ಬಿದ್ದರೆ ಅರವನ್ನು ಕೆಳಗಿಡುವುದು ಲೇಸು.

ಇನ್ನು ಬಣ್ಣ. ಕಾಸ್ಟಿಕ್ ಸೋಡಾ ಮತ್ತು ನೈಟ್ರೇಟ್ ಬೆರೆಸಿ 140 ಡಿಗ್ರಿಯ ಹತ್ತಿರ ಕುದಿಸುವ ಕಪ್ಪು ಬಣ್ಣದ ತೊಟ್ಟಿಗೆ ಈ ಸ್ಲೈಡನ್ನು ಇಳಿಸುವಂತಿಲ್ಲ, ಆ ದ್ರಾವಣ ಮೆದು ಬೆಸುಗೆಯನ್ನು ತಿಂದುಹಾಕುತ್ತದೆ. ಜೋಡು ನಳಿಗೆಯ ಕೋವಿ ಇರುವ ಮಲೆನಾಡಿನ ಮನೆಗಳವರು ಇದನ್ನು ವಿಶೇಷವಾಗಿ ನೆನಪಿಡಬೇಕು: ಆ ಕೋವಿಗಳ ನಡುವಿನ ಪಟ್ಟಿಯನ್ನು ಕೂರಿಸಿರುವುದು ಸಾಮಾನ್ಯವಾಗಿ ಇದೇ ಬೆಸುಗೆಯಿಂದ, ಮತ್ತು ಬಿಸಿ ತೊಟ್ಟಿಯಲ್ಲಿ ಮುಳುಗಿಸಿ ತೆಗೆದ ಕೋವಿಯ ಪಟ್ಟಿ ಒಂದು ಮಳೆಗಾಲದಲ್ಲಿ ಎದ್ದು ಬಂದದ್ದನ್ನು ನಾನು ಕಂಡಿದ್ದೇನೆ. ಇಲ್ಲಿ ಹೊಂದುವುದು ತುಕ್ಕಿನಿಂದಲೇ ಬಣ್ಣ ಕಟ್ಟುವ ಹಳೆಯ ಕ್ರಮ. ಜಿಡ್ಡು ತೆಗೆದ ಉಕ್ಕಿಗೆ ದ್ರಾವಣವನ್ನು ತೆಳ್ಳಗೆ ಸವರಿ ತೇವದ ಗಾಳಿಯಲ್ಲಿಟ್ಟರೆ ಕೆಂಪು ತುಕ್ಕು ಏಳುತ್ತದೆ. ಅದನ್ನು ಕುದಿಯುವ ನೀರಿನಲ್ಲಿ ಮುಳುಗಿಸಿದರೆ ಕಪ್ಪಾಗುತ್ತದೆ. ನಯವಾದ ಉಕ್ಕಿನ ಉಣ್ಣೆಯಿಂದ ಒರೆಸಿ ಮತ್ತೆ ಸವರುವುದು. ಹೀಗೆ ಪದರದ ಮೇಲೆ ಪದರ ಕಟ್ಟಿದಾಗ ಬರುವ ಬಣ್ಣ ಹಳೆಯ ಕಾರ್ಖಾನೆಯ ಬಣ್ಣಕ್ಕೆ ಹತ್ತಿರವಾಗಿರುತ್ತದೆ. ಬಯಲುಸೀಮೆಯವರು ಇದಕ್ಕಾಗಿ ತೇವದ ಪೆಟ್ಟಿಗೆ ಮಾಡಿಕೊಳ್ಳಬೇಕು. ಆಷಾಢದಲ್ಲಿ ನಮಗೆ ಆ ಖರ್ಚಿಲ್ಲ. ಕುದಿಸಲು ನಲ್ಲಿ ನೀರು ಬಳಸಿದರೆ ಅಲ್ಲಲ್ಲಿ ಕಲೆ ಬೀಳಬಹುದು, ನೇರವಾಗಿ ಹಿಡಿದ ಮಳೆನೀರು ಒಳ್ಳೆಯದು.

ಬಣ್ಣಕ್ಕೆ ಮುಂಚಿನ ಹೊಳಪಿನಲ್ಲಿ ಬಫಿಂಗ್ ಚಕ್ರವನ್ನು ನಾನು ಮುಟ್ಟುವುದಿಲ್ಲ. ಮರದ ಪಟ್ಟಿಗೆ ಎಮರಿ ಕಾಗದ ಸುತ್ತಿ ಕೈಯಿಂದಲೇ ಉಜ್ಜಬೇಕು. ಚಕ್ರ ಅಂಚುಗಳನ್ನು ಉರುಟು ಮಾಡುತ್ತದೆ, ಅಕ್ಷರಗಳನ್ನು ಸವೆಸುತ್ತದೆ. ಬಂದೂಕಿನ ಮೇಲಿನ ಹೆಸರು, ನಂಬರು, ಗುರುತುಗಳನ್ನು ಅಳಿಸುವುದು, ಬದಲಿಸುವುದು ಕಾಯ್ದೆಯ 8ನೇ ಕಲಮಿನಡಿ ನಿಷಿದ್ಧ. ವೈಸಿನ ಹಲ್ಲುಗಳ ಗುರುತು ಕೆಲವು ಕಡೆ ಅಕ್ಷರಗಳ ಪಕ್ಕದಲ್ಲೇ ಇದ್ದುದರಿಂದ ಅವನ್ನು ಹಾಗೆಯೇ ಬಿಟ್ಟೆ. ಮಾಲೀಕರಿಗೆ ಇದು ಸಮಾಧಾನವಾಗಲಿಲ್ಲ. ಪೂರ್ತಿ ಹೊಸದರಂತೆ ಆಗಲಿ ಎಂಬುದು ಅವರ ಆಸೆಯಾಗಿತ್ತು, ಆದರೆ ಆ ಗುರುತುಗಳ ಆಳದಷ್ಟು ಉಕ್ಕನ್ನು ಇಡೀ ಪಕ್ಕದಿಂದ ತೆಗೆಯಲು ನಾನು ಒಪ್ಪಲಿಲ್ಲ.

ಸೆಕೆಂಡ್ ಹ್ಯಾಂಡ್ ಪಿಸ್ತೂಲು ಕೊಳ್ಳುವವರು ಇಂಥದ್ದನ್ನು ಮೊದಲೇ ಕಂಡುಹಿಡಿಯಬಹುದು. ಸ್ಲೈಡನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಬೇಕು: ಸೈಟಿನ ಬುಡದ ಸುತ್ತ ಬಣ್ಣ ಉಳಿದ ಕಡೆಗಿಂತ ಬೇರೆ ಛಾಯೆಯಲ್ಲಿದ್ದರೆ, ಗಾಡಿಯ ಅಂಚಿನಲ್ಲಿ ಬೆಳ್ಳಗಿನ ಗೆರೆ ಅಥವಾ ಅಂಟಿನ ಹೊಳಪು ಕಂಡರೆ, ಸೈಟಿನ ಪಕ್ಕಗಳು ಸುತ್ತಿಗೆಯ ಪೆಟ್ಟಿಗೆ ಅರಳಿದ್ದರೆ ಕಾರಣ ಕೇಳಬೇಕು. ಹೆಬ್ಬೆರಳಿನಿಂದ ಸೈಟನ್ನು ಪಕ್ಕಕ್ಕೆ ಬಲವಾಗಿ ಒತ್ತಿದಾಗ ಕೂದಲೆಳೆಯಷ್ಟು ಕದಲಿದರೂ ಗಾಡಿ ಹಾಳಾಗಿರುವ ಸಾಧ್ಯತೆ ಹೆಚ್ಚು. ಇಡೀ ಪಿಸ್ತೂಲಿಗೆ ಹೊಸದಾಗಿ ಕಪ್ಪು ಬಣ್ಣ ಹಚ್ಚಿ ಥಳಥಳ ಮಾಡಿದ್ದರೆ ನಾನಂತೂ ಸೈಟನ್ನು ಬಿಚ್ಚಿ ತೋರಿಸುವ ತನಕ ಬೆಲೆಯ ಮಾತೆತ್ತುವುದಿಲ್ಲ.